ಎರಡು ಕೈ ಬೇಡುವ ಚಿಲಕ

ಸೋಮವಾರ, ಮಾರ್ಚ್ ೯

ಪ್ರೀತಿಯ ಚಿನ್ನೀ,

ನೀನೂ ಅಳಿಯಂದಿರೂ ಗುಂಡಣ್ಣನೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಮತ್ತೆ ಕೆಲಸಕ್ಕೆ ಸೇರುತ್ತೇನೆ, ಗುಂಡಣ್ಣನನ್ನು ಆರು ತಿಂಗಳು ನಿಮ್ಮ ಹತ್ತಿರ ಬಿಡುತ್ತೇನೆ ಎಂದು ನೀನು ಬರೆದ ದಿನದಿಂದ ನನ್ನ ಕೈ ಉಳಿ ಬಿಟ್ಟು ಪೆನ್ನು ಹಿಡಿದಿಲ್ಲ.

ಎರಡು ವರ್ಷದ ಮೊಮ್ಮಗ ಬರುತ್ತಾನೆಂದರೆ ಬಡಗಿ ತಾತ ಸುಮ್ಮನೆ ಕೂರುತ್ತಾನೆಯೇ? ಮೇಜಿನ ಮೂಲೆಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಿದ್ದೇನೆ. ಬಟ್ಟೆಯ ಬೀರು ಮೈಮೇಲೆ ಬೀಳದಂತೆ ಗೋಡೆಗೆ ಬಿಗಿದಿದ್ದೇನೆ. ಮೆಟ್ಟಿಲಿಗೆ ಗೇಟು, ಕಿಟಕಿಗೆ ಅಡ್ಡಪಟ್ಟಿ. ನಿನ್ನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು, "ಮನೆ ರಿಪೇರಿ ಮಾಡ್ತಿದ್ದೀರೋ, ಜೈಲು ಕಟ್ತಿದ್ದೀರೋ?" ಎಂದಳು.

ಪಾಲಿಶ್, ಥಿನ್ನರ್, ಹಳೇ ಬಣ್ಣ ಕೀಳುವ ಕಾಸ್ಟಿಕ್ ನೀರು ಎಲ್ಲ ಕೆಳಗಿನ ಕೋಣೆಯಲ್ಲಿವೆಯಲ್ಲ, ಅದರ ಬಾಗಿಲಿಗೆ ನಾನೇ ಒಂದು ಚಿಲಕ ಮಾಡಿದ್ದೇನೆ. ಒಂದು ಹೆಬ್ಬೆರಳಿನಿಂದ ಗುಂಡಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಪಟ್ಟಿಯನ್ನು ಬಲವಾಗಿ ಮೇಲೆತ್ತಬೇಕು. ಗಂಟು ಊದಿದ ಬೆರಳುಗಳಲ್ಲಿ ನಿನ್ನಮ್ಮ ಹೆಣಗಾಡಿ ಸೋತಳು. "ನನಗೂ ಮಗೂಗೂ ಸೇರಿಸಿ ಒಂದೇ ಚಿಲಕ ಹಾಕಿಬಿಟ್ರಲ್ಲ!" ಎಂದು ಬೈದಳು. ನನಗೆ ಒಳಗೊಳಗೇ ಹೆಮ್ಮೆ.

ಆದರೆ ಕಳೆದ ಮಂಗಳವಾರ ಬೆಳಗ್ಗೆ ಎದ್ದು ನೋಡಿದರೆ ಆ ಬಾಗಿಲು ಹಾರುಹೊಡೆದಿತ್ತು. ಶುಕ್ರವಾರವೂ ಹಾಗೆಯೇ. ಚಿಲಕ ಬಿಚ್ಚಿ ನೋಡಿದೆ, ಕೂದಲೆಳೆಯಷ್ಟೂ ಸಡಿಲವಿಲ್ಲ. ಎದುರುಮನೆಯ ದರ್ಜಿ, "ಇಲಿಗಳು ಓದಿಕೊಂಡಿವೆ ಬಿಡಿ" ಎಂದು ನಕ್ಕ. ನನಗೆ ನಗು ಬರಲಿಲ್ಲ. ನಿನ್ನಮ್ಮನನ್ನು ಕೇಳಿದರೆ ನನ್ನ ಮುಖವನ್ನೇ ನೋಡಿ, "ನಾನು ಹೇಗ್ರೀ ತೆಗೀಲಿ?" ಎಂದಳು. ಆಮೇಲೆ ಮಾತು ತಿರುಗಿಸಿ ಗುಂಡಣ್ಣನಿಗೆಂದು ತಂದಿಟ್ಟ ಬಟ್ಟೆ ಮಡಿಸತೊಡಗಿದಳು. ನಿನ್ನೆ ಮತ್ತೆ ತೆರೆದಿತ್ತು.

ಇರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಗುಂಡಣ್ಣನ ಎರಡೂ ಕೆನ್ನೆಗೆ ತಾತನ ಮುತ್ತು. ನೀವು ಮೂವರೂ ನೂರು ಕಾಲ ಸುಖವಾಗಿರಿ.

ನಿನ್ನ
ಅಪ್ಪ

ತಾ.ಕ.: ಇಷ್ಟು ಬರೆದು ಕಾಗದ ಮಡಿಸಿ, ನೀರು ಕುಡಿಯಲು ಅಡುಗೆಮನೆಗೆ ಹೋದೆ. ಕೆಳಗಿನ ಗೂಡಿನಲ್ಲಿ, ಗುಂಡಣ್ಣನ ಕೈಗೆ ಎಟಕುವ ಕಡೆ, ಜ್ಯೂಸಿನ ಬಾಟಲಿಯೊಂದಿತ್ತು. ಒಳಗಿದ್ದದ್ದು ಜ್ಯೂಸಲ್ಲ. ಒಂದು ಹನಿ ಬೆರಳಿಗೆ ಹಚ್ಚಿದೆ, ಸೋಪಿನ ಹಾಗೆ ಜಾರಿ ಉರಿಯಿತು. ಕಾಸ್ಟಿಕ್ ನೀರು. ಆ ಚಿಲಕ ತೆಗೆಯಬಲ್ಲವನು ಈ ಮನೆಯಲ್ಲಿ ನಾನೊಬ್ಬನೇ. ತಂದಿಟ್ಟದ್ದು ನನಗೆ ನೆನಪೇ ಇಲ್ಲ ಮಗಳೇ.

ಇನ್ನೊಂದು ಮಾತು. ಎರಡು ವರ್ಷದವಳಿದ್ದಾಗ ಜ್ವರ ಬಂದು ನಿನ್ನ ದನಿ ಹೀಗೆ ಒಡಕಾಯಿತೆಂದು ನಾವು ಹೇಳುತ್ತಾ ಬಂದದ್ದು ಸುಳ್ಳು. ನಿನಗೆ ಜ್ವರ ಬಂದಿರಲಿಲ್ಲ. ಆಗಲೂ ಇಂಥದೇ ಒಂದು ಬಾಟಲಿ, ಇದೇ ಗೂಡು, ಇಟ್ಟವನು ನಾನೇ. ಅವತ್ತು, ಇಟ್ಟದ್ದಾದರೂ ನನಗೆ ನೆನಪಿತ್ತು.

ಗುಂಡಣ್ಣನನ್ನು ಇಲ್ಲಿಗೆ ಕರೆತರಬೇಡ.