ಕೂಸಪ್ಪನ ಹಗ್ಗ

೯ ಜನವರಿ ೧೯೬೮, ಘಾಟಿ ಕ್ಯಾಂಪ್

ಚಳಿ. ಗಂಜಿ, ಒಣಮೀನು. ಮತ್ತೆ ಅದೇ ಕೆಲಸ — ಕೂಸಪ್ಪ ರೈಲ್ವೆ ಸೇತುವೆಯ ಕಂಬದಲ್ಲಿ ನೇತಾಡುತ್ತಾ ಕಲ್ಲಿನ ಸಂದಿಗೆ ಸಿಮೆಂಟು ಮೆತ್ತುವುದು, ನಾನು ಮೇಲೆ ನಿಂತು ಅವನ ಹಗ್ಗ ಹಿಡಿಯುವುದು. ಕೆಳಗೆ ಕಮರಿ. ಕಲ್ಲು ಬಿದ್ದರೆ ಸದ್ದೂ ಮೇಲೆ ಬರುವುದಿಲ್ಲ.

ಮೀನುಗಾರರಿಗೆ ಹಗ್ಗ ಗೊತ್ತು ಅಂತ ಮೇಸ್ತ್ರಿ ನಮ್ಮಿಬ್ಬರನ್ನು ಕಾಪುವಿನಿಂದ ಕರೆತಂದದ್ದು. ಇಲ್ಲಿಯ ರೂಲು — ಹಗ್ಗ ಹಿಡಿಯುವವನನ್ನು ಇಳಿಯುವವನೇ ಆರಿಸಬೇಕು. ಕೂಸಪ್ಪ ಮೊದಲ ದಿನವೇ ನನ್ನತ್ತ ಬೆರಳು ತೋರಿಸಿದ್ದ.

ಮಳೆಗಾಲಕ್ಕೆ ಊರಿಗೆ ಹೋದಾಗ ಮೋಹಿನಿಯ ಅಪ್ಪನ ಹತ್ತಿರ ಮಾತಾಡಬೇಕು. ಈ ಸಲ ಖಂಡಿತ.

೨೮ ಜನವರಿ

ಕೂಸಪ್ಪ ರಜೆ ಮುಗಿಸಿ ಬಂದ. ಡಬ್ಬಿ ತುಂಬ ಒಣಸಿಗಡಿ ಚಟ್ನಿ.

"ಕಿಟ್ಟ, ನನಗೆ ಮದುವೆ ನಿಶ್ಚಯ ಆಯ್ತು ಮಾರಾಯ! ಮೋಹಿನಿ. ಕಟಪಾಡಿ ಪೇಟೆಯಲ್ಲಿ ಅಮ್ಮನೊಟ್ಟಿಗೆ ಮೀನು ಮಾರ್ತಾಳಲ್ವಾ, ಅವಳೇ."

"ಒಳ್ಳೆಯದಾಯ್ತು" ಅಂದೆ. ಚಟ್ನಿ ಅವಳೇ ಅರೆದದ್ದಂತೆ. ಎರಡು ಸಲ ಹಾಕಿಸಿಕೊಂಡೆ. ಥೂ ನನ್ನ ನಾಲಿಗೆಗೆ.

೩ ಫೆಬ್ರವರಿ

ಹೊಟ್ಟೆಕಿಚ್ಚು. ಬರೆದುಬಿಟ್ಟೆ, ಮುಗಿಯಿತು. ಶಾಲೆಗೆ ಹೋಗುತ್ತಿದ್ದಾಗಿನಿಂದ ಅವಳು ನನ್ನ ಮನಸ್ಸಿನಲ್ಲಿದ್ದಾಳೆ. ಇವನಿಗೆ ಎಂತ ಉಂಟು? ಸಹಿ ಹಾಕಲೂ ಬಾರದು. ನೇತಾಡುತ್ತಾ ಇಡೀ ದಿನ ಶಿಳ್ಳೆ ಹೊಡೆಯುತ್ತಾನೆ, ಮದುಮಗ!

ಹಗ್ಗ ಗೂಟಕ್ಕೆ ಎರಡು ಸುತ್ತು. ತುದಿ ನನ್ನ ಕೈಯಲ್ಲಿ. ಸುತ್ತು ಬಿಚ್ಚಿದರೆ... ಛೀ.

೫ ಫೆಬ್ರವರಿ

ಆ ಯೋಚನೆ ಮತ್ತೆ ಬಂತು. ಹಾಡಹಗಲಲ್ಲಿ. ಹೆದರಿದೆ. ಕೈನೋವು, ಹಗ್ಗಕ್ಕೆ ಬೇರೆಯವರನ್ನು ಹಾಕಿ ಎಂದು ಮೇಸ್ತ್ರಿಗೆ ಹೇಳಿದೆ.

ಕೂಸಪ್ಪ ಒಪ್ಪಬೇಕಲ್ಲ! "ಕಿಟ್ಟನ ಕೈ ಸರಿಯಾಗುವ ತನಕ ನಾನು ಇಳಿಯುವುದಿಲ್ಲ."

ಇಬ್ಬರೂ ಕೆಲಸವಿಲ್ಲದೆ ಕೂತೆವು. ಎಣ್ಣೆ ಬಿಸಿ ಮಾಡಿ ತಂದು ನನ್ನ ಕೈ ತಿಕ್ಕಿದ. ನೋವೇ ಇಲ್ಲದ ಕೈ.

೧೩ ಫೆಬ್ರವರಿ

ದಿನವೂ ಎಣ್ಣೆ. ದಿನವೂ "ಈಗ ಹೇಗುಂಟು?" ಇವತ್ತು ತಡೆಯಲಾಗಲಿಲ್ಲ. ಕೈ ಎಳೆದುಕೊಂಡೆ.

"ನೋವೂ ಇಲ್ಲ, ಮಣ್ಣೂ ಇಲ್ಲ. ಮೋಹಿನಿ ನನಗೆ ಬೇಕಿತ್ತು. ನನ್ನ ಕೈಗೆ ಹಗ್ಗ ಕೊಡಬೇಡ."

ಬೀಡಿ ಹಚ್ಚಿದ. "ಗೊತ್ತುಂಟು. ಅವಳೇ ಹೇಳಿದ್ದು."

ಅವಳಿಗೂ ಗೊತ್ತಿತ್ತು! ಗೊತ್ತಿದ್ದೂ ಇವನನ್ನು ಒಪ್ಪಿದಳು.

"ಮತ್ತೆ ನಾನೇ ಯಾಕೆ ಬೇಕು ನಿನಗೆ?"

"ಬೇರೆಯವರು ಕೈಬಿಟ್ಟರೆ ಅವರಿಗೆಂತ ಹೋಗುವುದು? ನೀನು ಬಿಟ್ಟರೆ ಅವಳು ಅಳುವುದನ್ನು ನೋಡಬೇಕಲ್ಲ. ಅದು ನಿನ್ನಿಂದ ಆಗ್ಲಿಕ್ಕಿಲ್ಲ."

ಎದ್ದು ಬಂದೆ. ಕಳ್ಳ! ಅವಳನ್ನು ಕೊಂಡುಹೋದದ್ದು ಸಾಲದು ಅಂತ ನನ್ನ ಸಿಟ್ಟನ್ನೂ ಕೊಂಡುಹೋದ.

೧೪ ಫೆಬ್ರವರಿ, ಬೆಳಿಗ್ಗೆ, ಸೇತುವೆಯ ಮೇಲೆ

ಸೊಂಟಕ್ಕೆ ಗಂಟು ಹಾಕಿಕೊಳ್ಳುತ್ತಿದ್ದಾನೆ. ನಾನು ಗೂಟಕ್ಕೆ ಮೂರು ಸುತ್ತು ಹಾಕಿದೆ. ಎರಡು ಸಾಕಿತ್ತು. ನೋಡಿ ನಕ್ಕ. ಮೈಯೆಲ್ಲ ಉರಿಯಿತು. ಇವನು ಅವಳೊಟ್ಟಿಗೆ ಸುಖವಾಗಿ ಬದುಕಬೇಕಂತೆ, ಅದಕ್ಕೆ ನಾನು ಕಾವಲಂತೆ...

ಶಿಳ್ಳೆ ಹೊಡೆದ. ಇಳಿಯುತ್ತಾನೆ. ಪುಸ್ತಕ ಕೆಳಗಿಡಬೇಕು. ಹಗ್ಗಕ್ಕೆ ಎರಡೂ ಕೈ —