ಹುತ್ತದ್ದಲ್ಲ, ಬಳೆ ಅಣಬೆ

ಸೊರಟೂರ,
೧೮ ಆಗಸ್ಟ್ ೨೦೨೪

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ಹಮ್ಮಿಗಿಯಲ್ಲಿ ಮಾಮಾನ ಮನೆಯ ಮೆಟ್ಟಿಲು ಎತ್ತರ, ಹುಷಾರಾಗಿ ಹತ್ತು. ಇಲ್ಲಿ ಅಪ್ಪ ರೊಟ್ಟಿ ಬಡಿಯಲು ಹೋಗಿ ಎರಡನ್ನು ಸುಟ್ಟರು, ಹಾಗೇ ತಿಂದೆವು. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

"ಇನ್ನ ಈ ಕೈಯಿಂದ ಅಣಬಿ ಮುಟ್ಟೂದಿಲ್ಲ" ಎಂದು ನೀನು ಬಸ್ಸು ಹತ್ತಿದೆ. ನಾನು ಒಪ್ಪಲಿಲ್ಲ. ನೀನು ಅಣಬೆ ಕೊಟ್ಟ ದಿನ ಪಕ್ಕದ ಮನೆಯ ಅಂದಾನಪ್ಪ ಕಾಕಾ, ಅವರ ಸೊಸೆ ಸುನಿತಾ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದು ಖರೆ. ಆದರೆ ಅದೇ ಬುಟ್ಟಿಯ ಅಣಬೆಯನ್ನು ನಾವೂ ಉಂಡಿದ್ದೆವಲ್ಲ, ನಮಗೇನೂ ಆಗಲಿಲ್ಲ! ಮರುದಿನ ಆಸ್ಪತ್ರೆಯಿಂದ ಮರಳಿದ ಕಾಕಾ ಓಣಿಯವರ ಮುಂದೆ "ಸಿದ್ದಲಿಂಗವ್ವ ನಮಗ ವಿಷಾ ಉಣಿಸಿದ್ಲು" ಎಂದಾಗ ನೀನು ತಲೆ ತಗ್ಗಿಸಿದ್ದನ್ನು ನನಗೆ ನೋಡಲಾಗಲಿಲ್ಲ. ನಲವತ್ತು ಮಳೆಗಾಲ ಅಣಬೆ ಕಿತ್ತವಳು ನೀನು.

ನೀನು ಹೋದ ದಿನವೇ ಸುನಿತಾಳ ಬಳಿ ಹೋಗಿ, ಅಡುಗೆಗೆ ಹಾಕದೆ ಉಳಿದಿದ್ದ ಅಣಬೆಗಳನ್ನು ಕೇಳಿ ತಂದೆ. ನೀನು ಕಲಿಸಿದಂತೆ ಒಂದೊಂದನ್ನೂ ತಿರುವಿ ನೋಡಿದೆ. ಹೆಚ್ಚಿನವು ಹುತ್ತದ ಅಣಬೆಗಳೇ, ಬುಡದಲ್ಲಿ ಉದ್ದ ಬೇರು. ಎರಡಕ್ಕೆ ಮಾತ್ರ ಬೇರಿಲ್ಲ. ಕಾಲಿನ ಸುತ್ತ ಬಳೆ. ನೀನು ಎಂದೂ ಮುಟ್ಟಗೊಡದ ಬಳೆ ಅಣಬೆ! ಮೇಲಿನಿಂದ ನೋಡಿದರೆ ಎರಡೂ ಅಕ್ಕತಂಗಿಯರಂತಿವೆ. ಕಾಲೇಜಿನಲ್ಲಿ ಕಲಿತಂತೆ ಎರಡೂ ಬಗೆಯ ಅಣಬೆಗಳ ಕೊಡೆಯನ್ನು ಬೇರೆ ಬೇರೆ ಬಿಳಿ ಹಾಳೆಯ ಮೇಲಿಟ್ಟು ಬಟ್ಟಲು ಮುಚ್ಚಿದೆ. ಬೆಳಿಗ್ಗೆ ತೆಗೆದರೆ ಹುತ್ತದ್ದು ತಿಳಿಗುಲಾಬಿ ಪುಡಿ ಉದುರಿಸಿತ್ತು, ಬಳೆಯದು ಹಸಿರು. ಹಸಿರು ಪುಡಿಯದು ವಾಂತಿ ತರಿಸುತ್ತದೆ ಎಂದು ಪುಸ್ತಕದಲ್ಲೂ ಇದೆ. ಹಾಳೆಗಳ ಮೇಲೆ ಪುಸ್ತಕದಲ್ಲಿರುವ ಅಣಬೆಯ ಹೆಸರನ್ನು ಸಣ್ಣಗೆ, ನೀನು ಕರೆಯುವ ಹೆಸರನ್ನು ದಪ್ಪಗೆ ಬರೆದು ಕಾಕಾರ ಕಟ್ಟೆಗೆ ಹೋದೆ.

"ನನಗ ಸಾಲಿ ಕಲಸಾಕ ಬಂದೀ ಏನ?" ಎಂದರು. "ಹೌದ್ರಿ ಕಾಕಾ. ನೀವು ನೋಡೂತನಕ ನಾ ಏಳಂಗಿಲ್ಲ" ಎಂದು ಅಲ್ಲೇ ಕುಳಿತೆ. ಓಣಿಯವರು ಸೇರಿದರು. ಕೊನೆಗೆ ಸುನಿತಾಳೇ ಹೊರಬಂದಳು. "ಮಾವಾರ, ಸಿದ್ದಲಿಂಗವ್ವಾರು ಕೊಟ್ಟಿದ್ದು ಎರಡ ಹೊತ್ತಿಗೆ ಸಾಲಂಗಿಲ್ಲಂತ ತಿಪ್ಪಿ ಹತ್ರ ಎದ್ದಿದ್ದನ್ನೂ ನಾನ ಕಿತ್ತು ಕೂಡಿಸಿದ್ನಿ. ಅಂಜಿ ಹೇಳಲಿಲ್ರಿ" ಎಂದು ಅತ್ತಳು. ಕಾಕಾ ಎದ್ದು ಒಳಗೆ ಹೋದರು. ನಾನು ಎರಡೂ ಹಾಳೆಗಳನ್ನು ಅವರ ಬಾಗಿಲಿಗೇ ಅಂಟಿಸಿ ಬಂದೆ. ಬೈಯುವುದಿದ್ದರೆ ಬೈ, ತೆಗೆಯುವುದಿಲ್ಲ.

ಸುನಿತಾಳ ಮೇಲೆ ಸಿಟ್ಟಾಗಬೇಡ. ಮುಂದಿನ ಮಳೆಗೆ ಅವಳನ್ನೂ ಕರೆದುಕೊಂಡು ಹೋಗು.

ಮಾಮಾನಿಗೆ, ಅತ್ತೆಗೆ ನನ್ನ ಶರಣು ತಿಳಿಸು.

ನಿನ್ನ ಮಗಳು,
ಕಾಂಚನಾ

ತಾ.ಕ.: ಈಗಷ್ಟೇ ಅಂದಾನಪ್ಪ ಕಾಕಾ ಬಂದು "ಹಮ್ಮಿಗಿಗೆ ಹೊಂಟೇನಿ, ನಿಮ್ಮವ್ವಗ ಏನರ ಕೊಡೂದೈತೇನ?" ಎಂದರು. ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಓದುವಾಗ ಎದುರಿಗೇ ನಿಂತಿರುತ್ತಾರೆ. ತಪ್ಪಾಯಿತು ಎನ್ನಲು ಅವರು ಬಾಯಿ ತೆರೆದ ಕೂಡಲೇ "ಇರ್ಲಿ ಬಿಡ್ರಿ" ಎಂದು ತಡೆಯಬೇಡ ಅವ್ವಾ. ಪೂರ್ತಿ ಹೇಳಲಿ.