ಮಹಡಿಯ ಮೇಲೆ ನಡೆಯುವವನು

ಹ್ಯಾಲೋಸ್ ಕೋವ್, ಮೇನ್
ಶನಿವಾರ, ೧೦ ನವೆಂಬರ್ ೧೯೩೪

ಪ್ರೀತಿಯ ತಮ್ಮ ಏಸಾ,

ಕ್ಷೇಮವೇ ಎಂದು ಮೊದಲು ಕೇಳಬೇಕು. ಸತ್ತವನೆಂದು ಆರು ಚಳಿಗಾಲ ನಾವು ನಂಬಿಕೊಂಡು ಬಂದವನನ್ನು ಹಾಗೆ ಕೇಳಲು ಕೈ ಒಗ್ಗುತ್ತಿಲ್ಲ. ಆದರೂ ಕೇಳುತ್ತೇನೆ. ಕ್ಷೇಮವೇ? ಚಿಕ್ಕಂದಿನಲ್ಲಿ ಚಳಿ ಬಿದ್ದೊಡನೆ ಎದೆ ಕಟ್ಟುತ್ತಿತ್ತಲ್ಲ, ಈಗ ಹೇಗಿದೆ? ನಿನಗೆ ಮದುವೆಯಾಗಿದೆಯಂತೆ, ನಡೆದಾಡುವ ಮಗಳೂ ಇದ್ದಾಳಂತೆ. ಅವರಿಬ್ಬರೂ ಚೆನ್ನಾಗಿದ್ದಾರೆಯೇ? ಎಲ್‌ಬ್ರಿಜ್ ಕೂಂಬ್ಸ್ ಮೇಲೆ ಸಿಟ್ಟಾಗಬೇಡ. ಹೆರಿಂಗ್ ಮೀನು ಕೊಳ್ಳಲು ನೋವಾ ಸ್ಕೋಷಿಯಾದ ನಿಮ್ಮ ಬಂದರಿಗೆ ಬಂದಾಗ ನೀನು ಅವನ ತೋಳು ಹಿಡಿದು, "ಊರಲ್ಲಿ ಯಾರ ಹತ್ರಾನೂ ಬಾಯಿ ಬಿಡ್ಬೇಡ ಮಾರಾಯ" ಎಂದು ಬೇಡಿಕೊಂಡೆಯಂತೆ. ಅವನು ತಿಂಗಳುಗಟ್ಟಲೆ ತಡೆದುಕೊಂಡ. ಕೊನೆಗೆ ಶಾಲೆಯ ಬೇಲಿಯ ಹತ್ತಿರ ನನ್ನೊಬ್ಬಳಿಗೆ ಹೇಳಿ, ತಿರುಗಿ ನೋಡದೆ ಹೊರಟುಹೋದ. ನಾನು ಆ ಬೇಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ನನಗೆ ಗೊತ್ತಿಲ್ಲ.

ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ಅಪ್ಪನ ಮಂಡಿಗಳು ಸೋತಿವೆ. ಆದರೂ ದೋಣಿ ಕಟ್ಟುವ ಷೆಡ್ಡಿಗೆ ದಿನವೂ ಹೋಗುತ್ತಾರೆ. ಅವರ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ನೀನು ಬಿಟ್ಟುಹೋದ ಅಪ್ಪ ಈಗ ಇಲ್ಲ. ಅಂದು ನೀನು ಷೆಡ್ಡಿನ ಕೆಲಸ ಒಲ್ಲೆನೆಂದು ಮೀನಿನ ಹಡಗು ಹತ್ತಲು ಹೊರಟಾಗ ಅವರು ಹೊಸ್ತಿಲಲ್ಲಿ ನಿಂತು, "ಈ ಬಾಗಿಲು ದಾಟಿದ್ಯೋ, ನೀನು ನನ್ನ ಪಾಲಿಗೆ ಸತ್ತ ಹಾಗೆ" ಎಂದರಲ್ಲ. ಆ ಚಳಿಗಾಲದಲ್ಲೇ ಹಡಗು ಮುಳುಗಿತು, ಒಬ್ಬನೂ ಉಳಿಯಲಿಲ್ಲ ಎಂದು ಸುದ್ದಿ ಬಂತು. ನೀನು ಜ್ವರ ಬಂದು ಅದಕ್ಕೆ ಮೊದಲೇ ದಡಕ್ಕೆ ಇಳಿದಿದ್ದೆ ಎಂದು ನಮಗೇನು ಗೊತ್ತು? ತನ್ನ ಮಾತೇ ನಿನ್ನನ್ನು ಮುಳುಗಿಸಿತು ಎಂದು ಅಪ್ಪ ತೀರ್ಮಾನಿಸಿಬಿಟ್ಟರು. ಅಳಲಿಲ್ಲ. ಒಂದು ಸಂಜೆ ಬೈಬಲ್ ಓದುತ್ತಿದ್ದವರು ತಲೆಯೆತ್ತಿ ಮಾಳಿಗೆ ನೋಡಿದರು. "ಏಸಾ, ಬೂಟು ಬಿಚ್ಚೋ. ಅಕ್ಕ ಓದ್ಕೋತಿದಾಳೆ" ಎಂದರು.

ಅಂದಿನಿಂದ ನೀನು ಮೇಲಿನ ನಿನ್ನ ಕೋಣೆಯಲ್ಲಿದ್ದೀಯ. ಅಪ್ಪ ಮೆಟ್ಟಿಲು ಹತ್ತುವುದಿಲ್ಲ, ನನ್ನನ್ನೂ ಹತ್ತಗೊಡುವುದಿಲ್ಲ. ಕೆಳಗೆ ನಿಂತು ಮಾತಾಡುತ್ತಾರೆ. ಷೆಡ್ಡಿಗೆ ಬಂದ ಓಕ್ ಮರ ಹಸಿಯಾಗಿದೆ, ನೀನೇನಂತೀಯ ಎಂದು ಕೇಳುತ್ತಾರೆ. ಶನಿವಾರ ನಾನು ಬೀನ್ಸ್ ಬೇಯಿಸಿ ಕಂದು ಬ್ರೆಡ್ ಇಟ್ಟರೆ, "ಆರಿಹೋಗತ್ತೆ ಕಣೋ, ಇಳಿದು ಬಾ" ಎಂದು ಕೂಗುತ್ತಾರೆ. ನೀನು ಬದುಕಿದ್ದಾಗ ಒಮ್ಮೆಯೂ ನಿನ್ನ ಹತ್ತಿರ ಅಷ್ಟು ಮೆತ್ತಗೆ ಮಾತಾಡಿದವರಲ್ಲ. ಬದುಕಿದ್ದಾಗ ಎಂದೇ ಬರೆದುಬಿಟ್ಟೆ ನೋಡು, ಅಭ್ಯಾಸ. ಸುಳ್ಳು ಹೇಳಲಾರೆ, ಆ ಹೆಜ್ಜೆಗಳು ಒಮ್ಮೊಮ್ಮೆ ನನಗೂ ಕೇಳಿಸಿವೆ. ಕಿಟಕಿಯವರೆಗೆ ಹೋಗಿ, ನಿಂತು, ತಿರುಗಿ ಬರುವ ಹೆಜ್ಜೆ. ಗಾಳಿ ಎಂದುಕೊಳ್ಳುತ್ತಿದ್ದೆ. ಎಲ್‌ಬ್ರಿಜ್ ಹೇಳಿದ ದಿನ ಮನೆಗೆ ಬಂದು ಕೋಟು ಬಿಚ್ಚುತ್ತಿದ್ದಾಗಲೂ ಅದು ಕೇಳಿಸಿತು. ಗಾಳಿ ಇರಲಿಲ್ಲ. ನೀನು ಸಮುದ್ರದಾಚೆ ಬಲೆ ಹೊಲಿಯುತ್ತಿದ್ದೀಯ ಎಂದು ತಿಳಿದೂ ನಿನ್ನ ಹೆಜ್ಜೆಯನ್ನು ತಲೆಯ ಮೇಲೆ ಕೇಳಿದೆ.

ಅಪ್ಪನಿಗೆ ಹೇಳಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದೆ. ಹೇಳಲಾಗುತ್ತಿರಲಿಲ್ಲ. ಕೊನೆಗೆ ನನ್ನನ್ನು ದೂಡಿದ್ದು ತರಗತಿಯ ಒಂದು ಪಾಠ. ದೊಡ್ಡ ಮಕ್ಕಳಿಗೆ ಈ ವರ್ಷ ನಮ್ಮ ನಾಡಿನ ಹಳೆಯ ಸಣ್ಣ ಕಥೆಗಳನ್ನು ಓದಿಸುತ್ತಿದ್ದೇನೆ. ನಮ್ಮ ಹಳಬರಿಗೆ ಒಂದೇ ಗೀಳು ನೋಡು. ಒಬ್ಬ ಮನುಷ್ಯನನ್ನು ತಂದು ಒಂದು ಮನೆಯೊಳಗೆ ಅವನ ಪಾಪದ ಜೊತೆ ಕೂಡಿಹಾಕಿ, ಹೊರಗಿನಿಂದ ಅಗುಳಿ ಹಾಕಿಬಿಡುತ್ತಾರೆ. ಆ ದಿನದ ಕಥೆಯಲ್ಲಿ ಒಬ್ಬ ಗಿರಣಿಯವನು. ಬೈದು ಹೊರಗಟ್ಟಿದ ಹೆಂಡತಿ ಗಿರಣಿಯ ಕೊಳದಲ್ಲಿ ಮುಳುಗಿ ಸತ್ತಿದ್ದಾಳೆ. ಅವಳ ಒದ್ದೆ ಲಂಗ ನೆಲಕ್ಕೆ ಉಜ್ಜುವ ಸದ್ದು ಅವನಿಗೆ ಕೇಳುತ್ತಿರುತ್ತದೆ. ನಾನು ಎಂದಿನಂತೆ ಕೇಳಿದೆ, ಇವನು ಎಂಥ ಮನುಷ್ಯ, ಕಥೆ ನಿಜವಾಗಿ ಯಾವುದರ ಬಗ್ಗೆ? ಹಾರ್ಲನ್ ಎಂಬ ತಲೆಹರಟೆ, "ಗಿರಣಿಗೆ ಎಣ್ಣೆ ಹಾಕಿದ್ರೆ ಸದ್ದೂ ನಿಲ್ತಿತ್ತು, ಕಥೆನೂ ಮುಗೀತಿತ್ತು ಮಿಸ್" ಎಂದು ಎಲ್ಲರನ್ನೂ ನಗಿಸಿದ. ಇನ್ನು ಕೆಲವರು ಪಾಪಭೀತಿಯ ಕಥೆ ಎಂದರು. ನಾನೂ ಅದನ್ನೇ ಹೇಳಿಕೊಡುತ್ತ ಬಂದಿದ್ದೇನೆ.

ವಿನಿಫ್ರೆಡ್ ಬೀಲ್ ಮಾತ್ರ ನಗಲಿಲ್ಲ. ಈ ವಸಂತದಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗಿ. "ಅವನಿಗೆ ಹೆದರಿಕೆನೇ ಇಲ್ಲ ಮಿಸ್. ಸದ್ದು ನಿಂತ್ರೆ ತನಗೆ ಇನ್ಯಾರೂ ಇಲ್ಲ ಅಂತ ಅವನಿಗೆ ಗೊತ್ತು" ಎಂದಳು. ನಾನು ಕೇಳಬಾರದಿತ್ತು, ಕೇಳಿಬಿಟ್ಟೆ. ಅವನ ಹೆಂಡತಿ ಬದುಕಿದ್ದಾಳೆ ಎಂದು ಯಾರಾದರೂ ಬಂದು ಹೇಳಿದರೆ? ಅವಳು ತುಸು ಯೋಚಿಸಿದಳು. "ನಂಬಲ್ಲ ಮಿಸ್. ಸತ್ತೋಳು ಹೇಳಿದ್ದೆಲ್ಲ ಕೇಳಿಸ್ಕೋತಾಳೆ. ಬದುಕಿರೋಳು ಎದುರಾಡ್ತಾಳೆ." ನಾನು ಕಪ್ಪು ಹಲಗೆಯ ಕಡೆ ತಿರುಗಿ, ಅಲ್ಲಿ ಬರೆದಿರದ ಏನನ್ನೋ ಒರೆಸಿದೆ.

ಕಳೆದ ಭಾನುವಾರ ಚರ್ಚಿನಿಂದ ಬಂದ ಮೇಲೆ ಹೇಳಿದೆ. ಅಪ್ಪ ಕಿಟಕಿಯ ಬಳಿ ಉಳಿಗೆ ಸಾಣೆ ಹಿಡಿಯುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಬಂದರು, ಬಲೆ, ಹೆಂಡತಿ, ಮಗು. ಅವರು ಉಳಿಯನ್ನು ಒರೆಸಿ ಇಟ್ಟರು. ಸಂತೋಷಪಡುತ್ತಾರೆ ಅಥವಾ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನೇ ನೋಡಿ ಮೆಲ್ಲಗೆ ಕೇಳಿದರು: "ಹಾಗಾದ್ರೆ ಮೇಲಿರೋನು ಯಾರು?"

ಅವರು ಎದ್ದು ಕಂಬಿ ಹಿಡಿದು ಮೆಟ್ಟಿಲು ಹತ್ತಿದರು. ಬಾಗಿಲು ತೆರೆದ ಸದ್ದು ಕೇಳಿತು. ಬಳಿಕ ಹೆಜ್ಜೆಗಳು, ಕಿಟಕಿಯವರೆಗೆ ಹೋಗಿ, ನಿಂತು, ತಿರುಗಿ ಬಂದವು. ಅಪ್ಪನ ಕುಂಟು ಹೆಜ್ಜೆಯೇ ಎಂದು ಕಿವಿಗೊಟ್ಟು ಕೇಳಿದೆ. ಆಣೆಯಿಟ್ಟು ಹೇಳಲಾರೆ. ಕೆಳಗೆ ಬಂದಾಗ ಅವರ ತೋಳಿಗೆಲ್ಲ ಧೂಳು ಮೆತ್ತಿತ್ತು. "ಮಗೂಗೆ ಏನು ಹೆಸರು?" ಎಂದರು. ನನಗೆ ಗೊತ್ತಿಲ್ಲ ಎಂದೆ. ಆಮೇಲೆ ಈ ವಾರವಿಡೀ ಮಾತಿಲ್ಲ. ಮಾಳಿಗೆಯ ಕಡೆ ನೋಡುವುದಿಲ್ಲ, ಊಟಕ್ಕೆ ಯಾರನ್ನೂ ಕರೆಯುವುದಿಲ್ಲ. ನೀನು ಮುಳುಗಿದೆ ಎಂದು ಸುದ್ದಿ ಬಂದಾಗ ಅಳದಿದ್ದ ಮನುಷ್ಯ, ಬದುಕಿದ್ದೀಯ ಎಂದು ತಿಳಿದ ಮೇಲೆ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಾರೆ. ಮಗನನ್ನು ಈಗ ಕಳೆದುಕೊಂಡ ಹಾಗೆ.

ನಿನ್ನ ಮೇಲೆ ನನಗೆ ಕೋಪವಿದೆ ಏಸಾ, ಬಚ್ಚಿಡುವುದಿಲ್ಲ. ಆದರೆ "ಅಪ್ಪನ ಮಾತು ಹೇಗೂ ನಿಜ ಆಯ್ತಲ್ಲ, ಹಾಗೇ ಇರ್ಲಿ" ಎಂದು ನೀನು ಎಲ್‌ಬ್ರಿಜ್‌ಗೆ ಹೇಳಿದೆಯಂತೆ. ಅದನ್ನು ಕೇಳಿದ ಮೇಲೆ ಕೋಪ ಮನಸ್ಸಿನಲ್ಲಿ ಉಳಿಯುತ್ತಿಲ್ಲ. ನಿನ್ನ ಹೆಂಡತಿಗೆ ಈ ಕಾಣದ ಅತ್ತಿಗೆಯ ಪ್ರೀತಿ ತಿಳಿಸು. ಮಗುವಿನ ನೆತ್ತಿಯ ಮೇಲೆ ನನ್ನ ಪರವಾಗಿ ಕೈಯಿಡು. ದೇವರು ನಿಮ್ಮ ಮೂವರನ್ನೂ ನೆಲದ ಮೇಲೆಯೇ ಇಟ್ಟು ಕಾಪಾಡಲಿ.

ನಿನ್ನ ಅಕ್ಕ,
ಡೋರ್ಕಸ್ ಪೆಟೆಂಗಿಲ್

ಮರೆತ ಮಾತಲ್ಲ, ಈಗಷ್ಟೇ ಆದದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಚರ್ಚಿನ ಕೋಟು ತೊಟ್ಟು, ಚೀಲ ಹಿಡಿದು ಬಂದು ನಿಂತರು. "ಕಾಗದ ಅವನ ಮುಖ ನೋಡ್ಕೊಂಡು ಬರಲ್ಲ. ನಾನೇ ಹೋಗ್ತೀನಿ" ಎಂದು ಬಾಸ್ಟನ್ನಿಗೆ ಹೊರಟುಬಿಟ್ಟರು. ಅಲ್ಲಿಂದ ಹಡಗು ಹಿಡಿದು ಗುರುವಾರ ಮಧ್ಯಾಹ್ನ ನಿಮ್ಮ ಬಂದರಿಗೆ ಬರುತ್ತಾರೆ. ಅಪ್ಪನ ಮಂಡಿಗಳಿಗೆ ಎಲ್‌ಬ್ರಿಜ್‌ನ ಸಣ್ಣ ದೋಣಿ ಆಗದು. ಅವನು ಇವತ್ತೇ ನೇರವಾಗಿ ಹೊರಡುತ್ತಿದ್ದಾನೆ, ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತೇನೆ, ಆದ್ದರಿಂದ ಇದು ನಿನಗೆ ಮೊದಲು ತಲುಪುತ್ತದೆ. ನೀನು ಬದುಕಿದ್ದೀಯ ಎಂದು ಅಪ್ಪ ಇನ್ನೂ ಪೂರ್ತಿ ನಂಬಿಲ್ಲ. "ಬಂದರಿನ ಕಟ್ಟೆ ಮೇಲೆ ಅವನು ಕಂಡ್ರೆ ಇಳೀತೀನಿ. ಕಾಣ್ಲಿಲ್ಲ ಅಂದ್ರೆ ಇಳಿಯಲ್ಲ, ಅದೇ ಹಡಗಲ್ಲಿ ವಾಪಸ್" ಎಂದಿದ್ದಾರೆ. ನೀನು ಅಲ್ಲಿರಬೇಕು. ಹೆದರಿ ಓಡಿಹೋಗಬೇಡ. ಮಗುವನ್ನು ಎತ್ತಿಕೊಂಡು, ಟೋಪಿ ತೆಗೆದು, ಬೆಳಕಿನಲ್ಲಿ ನಿಲ್ಲು. ಅವರ ಕಣ್ಣು ಮಂಜಾಗಿದೆ, ನೀನೇ ಗಟ್ಟಿಯಾಗಿ ಕೂಗಿ ಕರೆ.